ಗಣಕಕ್ಕೊಂದು ಗಟ್ಟಿ ತಳಪಾಯ: ಮದರ್‌ಬೋರ್ಡು, ಮೆಮೊರಿ ಕೊಳ್ಳುವ ಮುನ್ನ



ಕಂಪ್ಯೂಟರನ್ನು ಸಿದ್ಧವಾಗಿ ಕೊಳ್ಳುವುದಕ್ಕಿಂತ ಬಿಡಿಭಾಗಗಳನ್ನು ತಂದು ಜೋಡಿಸಿಕೊಂಡರೆ ಹಣ ಉಳಿಯುತ್ತದೆಯೇ? ಉಳಿಯುತ್ತದೆ. ಆದರೆ ಆ ಉಳಿತಾಯವೆಲ್ಲ ಎರಡು ವಸ್ತುಗಳ ಆಯ್ಕೆಯನ್ನು ಅವಲಂಬಿಸಿದೆ. ಒಂದು ಮದರ್‌ಬೋರ್ಡು, ಇನ್ನೊಂದು ಮೆಮೊರಿ, ಅಂದರೆ ಅಂಗಡಿಯವರ ಬಾಯಲ್ಲಿ ರ‍್ಯಾಮ್. ಇವೆರಡೂ ಒಂದಕ್ಕೊಂದು ಹೊಂದಬೇಕು, ನಿಮ್ಮ ಕೆಲಸಕ್ಕೂ ಹೊಂದಬೇಕು. ಹೊಂದದಿದ್ದರೆ ಯಂತ್ರ ಏಳುವುದೇ ಇಲ್ಲ. ಎದ್ದರೂ ಎರಡೇ ವರ್ಷಕ್ಕೆ ಸಾಲದಾಗುತ್ತದೆ.

ಟಿ.ವಿ. ಪರದೆಯ ಮೇಲೆ ಬೋರ್ಡನ್ನು ಹತ್ತಿರದಿಂದ ತೋರಿಸಬಹುದು. ಆದರೆ ನೀವು ಕಾಗದ ತೆಗೆದು ಅಂಕಿಗಳನ್ನು ಬರೆದುಕೊಳ್ಳುವಷ್ಟರಲ್ಲಿ ಚಿತ್ರ ಬದಲಾಗಿಬಿಟ್ಟಿರುತ್ತದೆ. ಆದ್ದರಿಂದ ಅಂಕಿ, ಹೆಸರು, ಲೆಕ್ಕಗಳನ್ನು ಇಲ್ಲಿ ನಿಧಾನವಾಗಿ ಹೇಳಿದೆ.

ಈ ಮಾತು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಮನೆಗಳಿಗೆ ಹೆಚ್ಚು ಅನ್ವಯಿಸುತ್ತದೆ. ಬೆಂಗಳೂರಿನವರು ತಪ್ಪು ವಸ್ತು ತಂದರೆ ಸಂಜೆಯೇ ಹೋಗಿ ಬದಲಾಯಿಸಿಕೊಂಡಾರು. ನಮ್ಮ ನಾಲ್ಕು ಊರಿನವರಿಗೆ ಎಸ್.ಪಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳು ಐವತ್ತು ಅರವತ್ತು ಕಿಲೋಮೀಟರ್ ದೂರ. ಒಂದು ತಪ್ಪಿಗೆ ಒಂದು ದಿನದ ಕೆಲಸ, ಬಸ್ ಚಾರ್ಜು ಎರಡೂ ಹೋಗುತ್ತವೆ. ರೇಷ್ಮೆಗೂಡು ಮಾರಿದ ಹಣವೋ, ಚೀಟಿ ಎತ್ತಿದ ಹಣವೋ, ಮಗಳ ಇಂಜಿನಿಯರಿಂಗ್ ಓದಿಗೆಂದು ಕೂಡಿಟ್ಟದ್ದೋ, ಮತ್ತೆ ಮತ್ತೆ ಖರ್ಚು ಮಾಡಲು ಆಗುವಂಥದ್ದಲ್ಲ.

ಮೆಮೊರಿ ಮಾಡುವ ಕೆಲಸ

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರನ್ನು ನೋಡಿದ್ದೀರಲ್ಲ. ಆಲೆ ಮರದ ತುಂಡುಗಳು ಹಿಂದಿನ ಕೋಣೆಯಲ್ಲಿ ರಾಶಿ ಬಿದ್ದಿರುತ್ತವೆ. ಕೆಲಸಕ್ಕೆ ಕೂತವರ ಕೈಗೆಟುಕುವಲ್ಲಿ ಈ ಹೊತ್ತಿಗೆ ಬೇಕಾದ ನಾಲ್ಕು ತುಂಡು, ಉಳಿಗಳು, ಬಣ್ಣದ ಅರಗಿನ ಕಡ್ಡಿಗಳು ಇರುತ್ತವೆ. ಹಿಂದಿನ ಕೋಣೆ ನಿಮ್ಮ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ. ಕೈಗೆಟುಕುವ ಜಾಗ ಮೆಮೊರಿ. ಕೆಲಸ ಮಾಡುವ ಕೈ ಪ್ರೊಸೆಸರ್. ಕೂರುವ ಜಾಗ, ವಿದ್ಯುತ್ತಿನ ತಂತಿ, ಕೋಣೆಯಿಂದ ಕೋಣೆಗೆ ಹೋಗುವ ದಾರಿ ಎಲ್ಲವೂ ಸೇರಿ ಮದರ್‌ಬೋರ್ಡು.

ಕೈಗೆಟುಕುವ ಜಾಗ ಚಿಕ್ಕದಾದರೆ ಪ್ರತಿ ಬೊಂಬೆಗೂ ಎದ್ದು ಹಿಂದಿನ ಕೋಣೆಗೆ ಹೋಗಿ ಬರಬೇಕು. ಕಂಪ್ಯೂಟರಿನಲ್ಲಿಯೂ ಹಾಗೆಯೇ. ಮೆಮೊರಿ ತುಂಬಿದಾಗ ಯಂತ್ರ ಕೆಲವು ಮಾಹಿತಿಯನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮತ್ತೆ ತರುತ್ತದೆ. ಡಿಸ್ಕು ಮೆಮೊರಿಗಿಂತ ಬಹಳ ನಿಧಾನವಾದ್ದರಿಂದ ಪರದೆ ತಡವರಿಸುತ್ತದೆ. ಆಗ ಎಷ್ಟೇ ದುಬಾರಿ ಪ್ರೊಸೆಸರ್ ಇದ್ದರೂ ಅದು ಕೈಕಟ್ಟಿ ಕಾಯುತ್ತಿರುತ್ತದೆ. ವಿದ್ಯುತ್ ಹೋದ ಕ್ಷಣ ಮೆಮೊರಿಯಲ್ಲಿದ್ದದ್ದು ಅಳಿಸಿಹೋಗುತ್ತದೆ, ಡಿಸ್ಕಿನಲ್ಲಿದ್ದದ್ದು ಉಳಿಯುತ್ತದೆ. ಟೈಪು ಮಾಡುತ್ತಿದ್ದ ಅರ್ಜಿ ಕರೆಂಟು ಹೋದಾಗ ಮಾಯವಾಗುವುದು ಈ ಕಾರಣದಿಂದ.

1995ರಲ್ಲಿ ಬಂದ ವಿಂಡೋಸ್ 95ಕ್ಕೆ ಕನಿಷ್ಠ 4 ಮೆಗಾಬೈಟ್ ಮೆಮೊರಿ ಸಾಕಾಗಿತ್ತು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಕನಿಷ್ಠ 4 ಗಿಗಾಬೈಟ್ ಬೇಕು. ಇಪ್ಪತ್ತಾರು ವರ್ಷಗಳಲ್ಲಿ ಕನಿಷ್ಠ ಅಗತ್ಯವೇ 1024 ಪಟ್ಟು ಹೆಚ್ಚಿದೆ. ಇಂದು ಸಾಕೆನಿಸುವ ಮೆಮೊರಿ ನಾಳೆ ಸಾಲದಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹಾಗಾಗಿ ಮುಂದೆ ಸೇರಿಸಲು ಜಾಗ ಬಿಟ್ಟುಕೊಳ್ಳುವುದೂ ಇಂದಿನ ಆಯ್ಕೆಯ ಭಾಗವೇ.

ಯಾರಿಗೆ ಎಷ್ಟು?

ಅಂಗಡಿಯವರು ಮೊದಲು ಕೇಳುವುದು "ಬಜೆಟ್ ಎಷ್ಟು?" ಎಂದು. ನೀವು ಮೊದಲು ಕೇಳಿಕೊಳ್ಳಬೇಕಾದದ್ದು "ಕೆಲಸ ಏನು?" ಎಂದು.

ಮಕ್ಕಳ ಓದು, ಇಂಟರ್‌ನೆಟ್, ಕನ್ನಡದಲ್ಲಿ ಟೈಪಿಂಗ್, ಸಂಘದ ಲೆಕ್ಕಪತ್ರ ಇಷ್ಟೇ ಇದ್ದರೆ 8 ಗಿಗಾಬೈಟಿನಲ್ಲಿ ಕೆಲಸ ನಡೆಯುತ್ತದೆ, 16 ಇದ್ದರೆ ನೆಮ್ಮದಿ. ತಾಲ್ಲೂಕು ಕಚೇರಿಯ ಎದುರು ಅರ್ಜಿ ತುಂಬುವ, ಜೆರಾಕ್ಸ್ ತೆಗೆಯುವ, ಲಗ್ನಪತ್ರಿಕೆ ವಿನ್ಯಾಸ ಮಾಡುವ ಅಂಗಡಿಗೆ 16 ಬೇಕು. ಏಕೆಂದರೆ ಅಲ್ಲಿ ಬ್ರೌಸರ್, ಸ್ಕ್ಯಾನರ್, ಚಿತ್ರ ತಿದ್ದುವ ತಂತ್ರಾಂಶ ಎಲ್ಲವೂ ಒಟ್ಟಿಗೆ ತೆರೆದಿರುತ್ತವೆ. ಇಂಜಿನಿಯರಿಂಗ್ ವಿದ್ಯಾರ್ಥಿಗೆ ನಕ್ಷೆ ಬಿಡಿಸುವ, ಪ್ರೋಗ್ರಾಂ ಬರೆಯುವ ಕೆಲಸಕ್ಕೆ 16ರಿಂದ ಆರಂಭಿಸಿ 32ಕ್ಕೆ ಏರಿಸುವ ಅವಕಾಶ ಇರಬೇಕು. ಮದುವೆ ವಿಡಿಯೋ ಎಡಿಟ್ ಮಾಡುವವರಿಗೆ, ಅದರಲ್ಲೂ 4ಕೆ ಕ್ಯಾಮೆರಾದಲ್ಲಿ ತೆಗೆದದ್ದನ್ನು ಎಡಿಟ್ ಮಾಡುವವರಿಗೆ, 32 ಗಿಗಾಬೈಟ್ ಅಗತ್ಯವೇ ಹೊರತು ಶೋಕಿಯಲ್ಲ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಪರದೆಯ ಚಿತ್ರಕ್ಕೂ ಇದೇ ಮೆಮೊರಿಯಿಂದ ಸ್ವಲ್ಪ ಭಾಗ ಹೋಗುತ್ತದೆ. ಮನೆಗಳ ಹೆಚ್ಚಿನ ಯಂತ್ರಗಳು ಇಂಥವೇ ಆದ್ದರಿಂದ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಯಾವ ಪೀಳಿಗೆ?

"16 ಜಿಬಿ ರ‍್ಯಾಮ್ ಕೊಡಿ" ಎಂದಷ್ಟೇ ಕೇಳಿದರೆ ಸಾಲದು. ಮೆಮೊರಿಯಲ್ಲಿ ಪೀಳಿಗೆಗಳಿವೆ. ಡಿಡಿಆರ್3 2007ರದ್ದು, ಡಿಡಿಆರ್4ರ ಮಾನದಂಡ 2012ರಲ್ಲಿ ಬಂದದ್ದು, ಡಿಡಿಆರ್5ರದ್ದು 2020ರಲ್ಲಿ. ಒಂದು ಪೀಳಿಗೆಯದು ಇನ್ನೊಂದು ಪೀಳಿಗೆಯ ಬೋರ್ಡಿಗೆ ಕೂರುವುದಿಲ್ಲ.

ಡಿಡಿಆರ್4 ಮತ್ತು ಡಿಡಿಆರ್5 ಎರಡರಲ್ಲೂ 288 ಚಿನ್ನದ ಬಣ್ಣದ ಸಂಪರ್ಕಗಳಿವೆ, ಅಳತೆಯೂ ಒಂದೇ. ನೋಡಲು ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಕೆಳ ಅಂಚಿನಲ್ಲಿರುವ ಕಚ್ಚಿನ ಸ್ಥಾನ ಬೇರೆ. ಒಳಗಿನ ವ್ಯವಸ್ಥೆಯೂ ಬೇರೆ: ಡಿಡಿಆರ್4 ನಡೆಯುವುದು 1.2 ವೋಲ್ಟಿನಲ್ಲಿ, ಡಿಡಿಆರ್5 1.1 ವೋಲ್ಟಿನಲ್ಲಿ. ಡಿಡಿಆರ್5ರಲ್ಲಿ ವಿದ್ಯುತ್ತನ್ನು ನಿಯಂತ್ರಿಸುವ ಚಿಪ್ಪು ಸ್ಟಿಕ್ಕಿನ ಮೇಲೆಯೇ ಇರುತ್ತದೆ. ಡಿಡಿಆರ್4ರಲ್ಲಿ ಆ ಕೆಲಸ ಬೋರ್ಡಿನದು. ಕೂರದ ಸ್ಟಿಕ್ಕನ್ನು ಬಲವಂತದಿಂದ ಒತ್ತಿದರೆ ಸ್ಟಿಕ್ಕೂ ಹಾಳು, ಬೋರ್ಡಿನ ಸ್ಲಾಟೂ ಹಾಳು. ಕಚ್ಚು ಮಾಡಿರುವುದೇ ನಿಮ್ಮನ್ನು ತಡೆಯಲು.

ಇನ್ನೆರಡು ಎಚ್ಚರಿಕೆ. ಲ್ಯಾಪ್‌ಟಾಪಿನ ಮೆಮೊರಿ ಗಿಡ್ಡ. ಅದು ಡೆಸ್ಕ್‌ಟಾಪಿಗೆ ಬರುವುದಿಲ್ಲ. ದೊಡ್ಡ ಸರ್ವರ್‌ಗಳಿಂದ ಬಿಚ್ಚಿದ 'ರಿಜಿಸ್ಟರ್ಡ್' ಮೆಮೊರಿ ಕಡಿಮೆ ಬೆಲೆಗೆ ಸಿಗುವುದುಂಟು. ಡಿಡಿಆರ್4ರಲ್ಲಿ ಅದು ಸ್ಲಾಟಿಗೆ ಸರಿಯಾಗಿ ಕೂರುತ್ತದೆ, ಆದರೆ ಮನೆಬಳಕೆಯ ಬೋರ್ಡಿನಲ್ಲಿ ಯಂತ್ರ ಏಳುವುದಿಲ್ಲ. ಅಗ್ಗವೆಂದು ಮರುಳಾಗಬೇಡಿ.

ಬೋರ್ಡಿನ ಸಾಕೆಟ್ಟು

ಮೆಮೊರಿಯನ್ನು ನಾಳೆ ಹೆಚ್ಚಿಸಬಹುದು, ಡಿಸ್ಕನ್ನು ಬದಲಿಸಬಹುದು, ಕಾರ್ಡನ್ನು ಸೇರಿಸಬಹುದು. ಬೋರ್ಡನ್ನು ಬದಲಿಸಿದರೆ ಮಾತ್ರ ಹೆಚ್ಚುಕಡಿಮೆ ಇಡೀ ಯಂತ್ರ ಬಿಚ್ಚಬೇಕು. ಎಷ್ಟೋ ಸಲ ಪ್ರೊಸೆಸರ್, ಮೆಮೊರಿ ಎರಡನ್ನೂ ಹೊಸದಾಗಿ ಕೊಳ್ಳಬೇಕಾಗುತ್ತದೆ. ಇದೇ ಕಾರಣಕ್ಕೆ ಬೋರ್ಡನ್ನು ತಳಪಾಯ ಎಂದದ್ದು.

ಬೋರ್ಡಿನ ನಡುವೆ ಪ್ರೊಸೆಸರ್ ಕೂರುವ ಚೌಕಕ್ಕೆ ಸಾಕೆಟ್ ಎಂದು ಹೆಸರು. ಯಾವ ಪ್ರೊಸೆಸರ್, ಯಾವ ಮೆಮೊರಿ ಎಂಬುದು ಇಲ್ಲಿಂದಲೇ ನಿರ್ಧಾರವಾಗುತ್ತದೆ. ಹೊಸ ಯಂತ್ರ ಕಟ್ಟುವವರ ಮುಂದೆ ಬರುವ ಸಾಕೆಟ್‌ಗಳು ಮುಖ್ಯವಾಗಿ ನಾಲ್ಕು.

ಎಎಂಡಿಯ ಎಎಂ4, 2016ರಲ್ಲಿ ಬಂದದ್ದು, ಡಿಡಿಆರ್4 ಮಾತ್ರ. ಎಎಂಡಿಯ ಎಎಂ5, 2022ರದ್ದು, ಡಿಡಿಆರ್5 ಮಾತ್ರ. ಇಂಟೆಲ್‌ನ ಎಲ್‌ಜಿಎ1700, 2021ರದ್ದು, 12, 13, 14ನೇ ಪೀಳಿಗೆಯ ಪ್ರೊಸೆಸರ್‌ಗಳಿಗೆ. ಇದರಲ್ಲಿ ಡಿಡಿಆರ್4ರ ಬೋರ್ಡೂ ಇದೆ, ಡಿಡಿಆರ್5ರ ಬೋರ್ಡೂ ಇದೆ. ಇಂಟೆಲ್‌ನ ಎಲ್‌ಜಿಎ1851, 2024ರದ್ದು, ಡಿಡಿಆರ್5 ಮಾತ್ರ.

ಇವುಗಳಲ್ಲಿ ಗೊಂದಲಕ್ಕೆ ಹೆಚ್ಚು ಎಡೆ ಇರುವುದು ಎಲ್‌ಜಿಎ1700ರಲ್ಲಿ. ಒಂದೇ ಕಂಪೆನಿಯ, ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಬೋರ್ಡು ಇರುತ್ತವೆ. ಒಂದರ ಹೆಸರಿನ ಕೊನೆಯಲ್ಲಿ ಮಾತ್ರ 'ಡಿ4' ಅಥವಾ 'ಡಿಡಿಆರ್4' ಎಂದಿರುತ್ತದೆ. ಡಬ್ಬಿಯ ಮೇಲಿನ ಪೂರ್ತಿ ಹೆಸರನ್ನು ಓದದೆ ಹಣ ಕೊಡಬೇಡಿ.

ಸಾಕೆಟ್ಟಿಗೆ ಆಯುಸ್ಸೂ ಇದೆ. ಎಎಂ4 ಸಾಕೆಟ್ಟಿನ ಬೋರ್ಡನ್ನು 2017ರಲ್ಲಿ ಕೊಂಡ ಎಷ್ಟೋ ಮಂದಿ, ಬಯಾಸ್ ಎಂಬ ಒಳತಂತ್ರಾಂಶವನ್ನು ನವೀಕರಿಸಿಕೊಂಡು, 2020ರಲ್ಲಿ ಬಂದ ಪ್ರೊಸೆಸರನ್ನು ಅದೇ ಬೋರ್ಡಿಗೆ ಹಾಕಿಕೊಂಡರು. ಎಎಂ5ಕ್ಕೆ 2027 ಮತ್ತು ಅದರಾಚೆಗೂ ಬೆಂಬಲ ಇರುತ್ತದೆಂದು ಕಂಪೆನಿ 2024ರಲ್ಲಿ ಹೇಳಿದೆ. ನಾಲ್ಕೈದು ವರ್ಷಗಳ ನಂತರ ಪ್ರೊಸೆಸರ್ ಬದಲಿಸುವ ಆಲೋಚನೆ ಇದ್ದವರು ಇದನ್ನು ಗಮನಿಸಬೇಕು. ಹತ್ತು ವರ್ಷ ಮುಟ್ಟದೆ ಬಳಸುವವರಿಗೆ ಇದು ಅಷ್ಟು ಮುಖ್ಯವಲ್ಲ. ಅವರು ಡಿಡಿಆರ್4ರ ಬೋರ್ಡು ಕೊಂಡರೂ ನಷ್ಟವಿಲ್ಲ.

'ಐ5' ಎಂಬ ಎರಡಕ್ಷರದ ಮಾಯೆ

ಎಸ್.ಪಿ. ರಸ್ತೆಯಲ್ಲಿರಲಿ, ನಿಮ್ಮೂರಿನ ಬಸ್ ನಿಲ್ದಾಣದ ಬಳಿಯಿರಲಿ, "ಐ5 ಪ್ರೊಸೆಸರ್, 8 ಜಿಬಿ, ಹೊಸ ಬೋರ್ಡು" ಎಂದು ಬಹಳ ಅಗ್ಗಕ್ಕೆ ಯಂತ್ರ ಸಿಕ್ಕರೆ ಒಂದು ಪ್ರಶ್ನೆ ಕೇಳಿ: "ಎಷ್ಟನೇ ಪೀಳಿಗೆಯದು?" ಐ5 ಎಂಬ ಹೆಸರು ಹತ್ತಾರು ವರ್ಷಗಳಿಂದ ಇದೆ. 2012ರ ಮೂರನೇ ಪೀಳಿಗೆಯ ಐ5 ಇದೆ, 2013ರ ನಾಲ್ಕನೇ ಪೀಳಿಗೆಯದೂ ಇದೆ. ಅವುಗಳಿಗೆ ಎಚ್61, ಎಚ್81 ಎಂಬ ಹೆಸರಿನ ಬೋರ್ಡುಗಳು, ಮೆಮೊರಿ ಡಿಡಿಆರ್3. ಬೋರ್ಡಿನ ಡಬ್ಬಿ ಹೊಸದಾಗಿರಬಹುದು, ಒಳಗಿನ ಪೀಳಿಗೆ ಹಳೆಯದು.

ಇದರಿಂದ ಏನು ತೊಂದರೆ ಎನ್ನುತ್ತೀರಾ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೇ ಪೀಳಿಗೆಯಿಂದ ಈಚಿನ ಪ್ರೊಸೆಸರ್‌ಗಳನ್ನು. ಬೋರ್ಡಿನಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇರಬೇಕು. ಹಳೆಯ ಪೀಳಿಗೆಯ ಯಂತ್ರದಲ್ಲಿ ಲಿನಕ್ಸ್ ಹಾಕಿಕೊಂಡು ಕೆಲಸ ಮಾಡಬಹುದು, ಬ್ಯಾಂಕಿನ ವ್ಯವಹಾರವನ್ನು ಬೆಂಬಲವಿಲ್ಲದ ವಿಂಡೋಸ್‌ನಲ್ಲಿ ಮಾಡುವುದು ಕ್ಷೇಮವಲ್ಲ. ಹೊಸ ಹಣ ಹಾಕುವಾಗ ಹೊಸ ಪೀಳಿಗೆಗೇ ಹಾಕಿ.

ಬೋರ್ಡಿನಲ್ಲಿ ನೋಡಬೇಕಾದ ಉಳಿದ ಅಂಶಗಳು

ಮೆಮೊರಿ ಸ್ಲಾಟುಗಳು ಎಷ್ಟು? ಅಗ್ಗದ ಬೋರ್ಡುಗಳಲ್ಲಿ ಎರಡು, ದುಬಾರಿಯವುಗಳಲ್ಲಿ ನಾಲ್ಕು. ಉದಾಹರಣೆಗೆ ಎಚ್610 ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿ ಎರಡೇ. ಡಿಡಿಆರ್4 ಕಾಲದಲ್ಲಿ ನಾಲ್ಕು ಸ್ಲಾಟ್ ಇರುವುದು ದೊಡ್ಡ ಅನುಕೂಲವಾಗಿತ್ತು. ಡಿಡಿಆರ್5ರಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ವೇಗ ಗಣನೀಯವಾಗಿ ಇಳಿಯುತ್ತದೆ. ಆದ್ದರಿಂದ ಅಲ್ಲಿ ಎರಡು ಸ್ಲಾಟಿನ ಬೋರ್ಡು ಅಷ್ಟೇನೂ ಕೊರತೆಯಲ್ಲ.

ಚಿತ್ರ ಎಲ್ಲಿಂದ ಬರುತ್ತದೆ? ಬೋರ್ಡಿನ ಹಿಂದೆ ಎಚ್‌ಡಿಎಂಐ ಕಿಂಡಿ ಇದ್ದ ಮಾತ್ರಕ್ಕೆ ಪರದೆಯ ಮೇಲೆ ಚಿತ್ರ ಮೂಡುವುದಿಲ್ಲ. ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇರಬೇಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಎಫ್' ಇದ್ದರೆ ಗ್ರಾಫಿಕ್ಸ್ ಇಲ್ಲ. ಎಎಂ4ರ ರೈಜನ್ 5600ರಲ್ಲಿ ಇಲ್ಲ, 5600ಜಿಯಲ್ಲಿ ಇದೆ. ಒಂದು ಅಕ್ಷರ ತಪ್ಪಿದರೆ ಪ್ರತ್ಯೇಕ ಕಾರ್ಡಿಗೆ ಹಣ ಹುಡುಕಬೇಕು.

ಎಂ.2 ಸ್ಲಾಟ್ ಒಂದಾದರೂ ಇರಲಿ. ವೇಗದ ಎಸ್‌ಎಸ್‌ಡಿ ಕೂರುವುದು ಅಲ್ಲಿ. ಹಳೆಯ ಹಾರ್ಡ್ ಡಿಸ್ಕುಗಳಿಗೆ ಸಾಟಾ ಕಿಂಡಿಗಳು ಎಷ್ಟಿವೆ ಎಂದು ಎಣಿಸಿ.

ವ್ಯಾಪಾರದವರು ಇನ್ನೊಂದು ನೋಡಬೇಕು. ಕನಕಪುರದ ಗ್ರಾನೈಟ್ ಘಟಕದ ತೂಕದ ಸೇತುವೆಯಿರಲಿ, ಮಂಡಿಯ ಎಲೆಕ್ಟ್ರಾನಿಕ್ ತಕ್ಕಡಿಯಿರಲಿ, ಹಳೆಯ ಉಪಕರಣಗಳು ಕಂಪ್ಯೂಟರಿಗೆ ಮಾತಾಡುವುದು ಒಂಬತ್ತು ಪಿನ್ನಿನ ಸೀರಿಯಲ್ ಕಿಂಡಿಯ ಮೂಲಕ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಇಪ್ಪತ್ತೈದು ಪಿನ್ನಿನ ಪ್ಯಾರಲಲ್ ಕಿಂಡಿ ಬೇಕಾಗಬಹುದು. ಈಗಿನ ಬೋರ್ಡುಗಳ ಹಿಂಬದಿಯಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ. ಕೆಲವು ಬೋರ್ಡುಗಳ ಒಳಗೆ 'ಕಾಮ್' ಎಂದು ಬರೆದ ಪಿನ್ನುಗಳಿರುತ್ತವೆ. ಅಲ್ಲಿಂದ ತಂತಿ ಎಳೆದುಕೊಳ್ಳಬಹುದು. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ಲೂ ಸಿಗುತ್ತದೆ, ಆದರೆ ನಿಮ್ಮ ಬಿಲ್ಲಿಂಗ್ ತಂತ್ರಾಂಶ ಅದನ್ನು ಒಪ್ಪುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಅಳತೆ: ದೊಡ್ಡ ಎಟಿಎಕ್ಸ್ ಬೋರ್ಡು 305 x 244 ಮಿಲಿಮೀಟರ್, ಮೈಕ್ರೋ ಎಟಿಎಕ್ಸ್ 244 x 244. ಕ್ಯಾಬಿನೆಟ್ ಅದಕ್ಕೆ ತಕ್ಕಂತಿರಲಿ. ಮನೆಗೆ ಮೈಕ್ರೋ ಎಟಿಎಕ್ಸ್ ಧಾರಾಳ ಸಾಕು.

ಕೊನೆಯದಾಗಿ, ಸಾಕೆಟ್ಟಿನ ಪಕ್ಕದ ವಿದ್ಯುತ್ ಭಾಗಗಳ ಮೇಲೆ ಲೋಹದ ಹೊದಿಕೆ ಇದೆಯೇ ನೋಡಿ. ಏಪ್ರಿಲ್ ಬಿಸಿಲಿನಲ್ಲಿ ಶೀಟು ಹೊದಿಸಿದ ಅಂಗಡಿಯಲ್ಲಿ ದಿನವಿಡೀ ವಿಡಿಯೋ ಎಡಿಟ್ ಮಾಡುವವರಿಗೆ ಇದು ಬಾಳಿಕೆಯ ಪ್ರಶ್ನೆ.

ಒಂದು ದೊಡ್ಡದೋ, ಎರಡು ಚಿಕ್ಕವೋ?

16 ಗಿಗಾಬೈಟ್ ಬೇಕೆಂದರೆ 16ರ ಒಂದು ಸ್ಟಿಕ್ ಕೊಳ್ಳಬಹುದು, 8ರ ಎರಡನ್ನೂ ಕೊಳ್ಳಬಹುದು. ಮನೆಬಳಕೆಯ ಬೋರ್ಡುಗಳಲ್ಲಿ ಮೆಮೊರಿಗೆ ಎರಡು ಹಾದಿಗಳಿವೆ. ಗೂಡಿನ ಚೀಲಗಳನ್ನು ಲಾರಿಯಿಂದ ಒಬ್ಬ ಹಮಾಲಿ ಇಳಿಸುವುದಕ್ಕೂ ಇಬ್ಬರು ಇಳಿಸುವುದಕ್ಕೂ ಇರುವಂಥ ವ್ಯತ್ಯಾಸ. ಎರಡು ಸ್ಟಿಕ್ ಹಾಕಿದರೆ ಎರಡೂ ಹಾದಿ ಒಟ್ಟಿಗೆ ಕೆಲಸ ಮಾಡುತ್ತವೆ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಬಳಸಿ ಆಟವಾಡುವವರಿಗೆ, ವಿಡಿಯೋ ಕೆಲಸ ಮಾಡುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಎದ್ದು ಕಾಣುತ್ತದೆ. ಟೈಪಿಂಗ್, ಇಂಟರ್‌ನೆಟ್ ಮಾಡುವವರಿಗೆ ಅಷ್ಟು ಕಾಣುವುದಿಲ್ಲ.

ಇನ್ನೊಂದು ಪಕ್ಕವನ್ನೂ ನೋಡಿ. ಎರಡೇ ಸ್ಲಾಟಿನ ಬೋರ್ಡಿನಲ್ಲಿ 8ರ ಎರಡು ಹಾಕಿದರೆ ಜಾಗ ಮುಗಿಯಿತು. ನಾಳೆ 32 ಬೇಕಾದರೆ ಎರಡನ್ನೂ ತೆಗೆದಿಡಬೇಕು. 16ರ ಒಂದನ್ನು ಹಾಕಿದರೆ ಮುಂದಿನ ಬೆಳೆಗೆ ಇನ್ನೊಂದು ತರಬಹುದು. ಆದ್ದರಿಂದ ಎರಡು ಸ್ಲಾಟಿನ ಬೋರ್ಡು, ಸಾಧಾರಣ ಕೆಲಸ, ಮುಂದೆ ಹೆಚ್ಚಿಸುವ ಇರಾದೆ ಇದ್ದರೆ ದೊಡ್ಡದು ಒಂದು. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಚಿತ್ರದ ಕೆಲಸ ಈಗಲೇ ಇದ್ದರೆ ಒಂದೇ ಡಬ್ಬಿಯಲ್ಲಿ ಜೋಡಿಯಾಗಿ ಬರುವ ಎರಡು.

ಮುಂದೆ ಸೇರಿಸುವಾಗ ಅದೇ ಕಂಪೆನಿಯ, ಅದೇ ಮಾದರಿ ಸಂಖ್ಯೆಯ ಸ್ಟಿಕ್ ಹುಡುಕಿ. ಬೇರೆ ಬೇರೆ ಸ್ಟಿಕ್ ಸೇರಿಸಿದರೆ ಎರಡೂ ನಿಧಾನವಾದದರ ವೇಗದಲ್ಲಿ ಓಡುತ್ತವೆ. ಕೆಲವೊಮ್ಮೆ ಹೊಂದುವುದೇ ಇಲ್ಲ. ಈಗಿನ ಬಿಲ್ಲನ್ನು ಜೋಪಾನ ಮಾಡುವುದಕ್ಕೆ ಇದೂ ಒಂದು ಕಾರಣ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡೇ ಸ್ಟಿಕ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಬೋರ್ಡಿನ ಕೈಪಿಡಿಯಲ್ಲಿ ಚಿತ್ರವಿರುತ್ತದೆ, ಒಮ್ಮೆ ನೋಡಿಕೊಳ್ಳಿ.

ವೇಗದ ಅಂಕಿಗಳ ಒಂದು ಸಣ್ಣ ಲೆಕ್ಕ

ಸ್ಟಿಕ್ಕಿನ ಮೇಲೆ 3200, 6000 ಎಂಬ ಅಂಕಿ ಇರುತ್ತದೆ. ಸೆಕೆಂಡಿಗೆ ಅಷ್ಟು ದಶಲಕ್ಷ ಸಲ ಮಾಹಿತಿ ಸಾಗುತ್ತದೆ ಎಂದರ್ಥ. ಒಂದು ಸಲಕ್ಕೆ 8 ಬೈಟ್. ಹಾಗಾಗಿ 3200ರ ಸ್ಟಿಕ್ ಸೆಕೆಂಡಿಗೆ ಗರಿಷ್ಠ 25,600 ಮೆಗಾಬೈಟ್ ಸಾಗಿಸಬಲ್ಲದು, 6000ದ್ದು 48,000.

ಪಕ್ಕದಲ್ಲಿ ಸಿಎಲ್16, ಸಿಎಲ್40 ಎಂದು ಇನ್ನೊಂದು ಅಂಕಿ ಇರುತ್ತದೆ. ಕೇಳಿದ ಮೇಲೆ ಮೊದಲ ಉತ್ತರ ಬರುವವರೆಗಿನ ಕಾಯುವಿಕೆ ಅದು. ಈ ಅಂಕಿಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಕಾಯುವ ಕಾಲ ನ್ಯಾನೋಸೆಕೆಂಡಿನಲ್ಲಿ ಸಿಗುತ್ತದೆ. 3200 ಸಿಎಲ್16ಕ್ಕೆ 10. 6000 ಸಿಎಲ್40ಕ್ಕೆ 13ಕ್ಕಿಂತ ಸ್ವಲ್ಪ ಹೆಚ್ಚು. 6000 ಸಿಎಲ್30ಕ್ಕೆ ಮತ್ತೆ 10. ಅಂದರೆ ದೊಡ್ಡ ಅಂಕಿಯ ಮೆಮೊರಿ ಎಲ್ಲದರಲ್ಲೂ ಮುಂದಿರಬೇಕೆಂದಿಲ್ಲ. ಸಾಮಾನ್ಯ ಬಳಕೆಯವರು ಈ ವೇಗಕ್ಕೆಂದು ಹೆಚ್ಚು ಹಣ ಸುರಿಯುವ ಬದಲು ಅದೇ ಹಣವನ್ನು ಗಿಗಾಬೈಟ್ ಹೆಚ್ಚಿಸಲು ಬಳಸುವುದು ಜಾಣತನ.

ಬೆಲೆಯ ಮಾತು

ಗೂಡಿನ ಧಾರಣೆ ಏರಿಳಿಯುವುದು ರಾಮನಗರದ ಮಾರುಕಟ್ಟೆ ಕಂಡವರಿಗೆ ಹೊಸದಲ್ಲ. ಮೆಮೊರಿಯ ಧಾರಣೆಯೂ ಹಾಗೆಯೇ. ಜಗತ್ತಿನ ಈ ಚಿಪ್ಪುಗಳಲ್ಲಿ ಬಹುಪಾಲನ್ನು ತಯಾರಿಸುವವರು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪೆನಿಗಳು. ಕೃತಕ ಬುದ್ಧಿಮತ್ತೆಯ ಬೃಹತ್ ಗಣಕಕೇಂದ್ರಗಳಿಗೆ ಮೆಮೊರಿಯ ಬೇಡಿಕೆ ಹೆಚ್ಚಿ, ಈ ಕಂಪೆನಿಗಳು ಉತ್ಪಾದನೆಯನ್ನು ಅತ್ತ ತಿರುಗಿಸಿದವು. ಪರಿಣಾಮವಾಗಿ 2025ರ ಕೊನೆಯ ತಿಂಗಳುಗಳಲ್ಲಿ ಮನೆಬಳಕೆಯ ಮೆಮೊರಿ ಬೆಲೆ ಕಡಿದಾಗಿ ಏರಿತು. ಗ್ರಾಹಕರಿಗೆ ನೇರವಾಗಿ ಮಾರುತ್ತಿದ್ದ ತನ್ನ ಕ್ರೂಷಿಯಲ್ ವ್ಯವಹಾರವನ್ನು ಮುಚ್ಚುವುದಾಗಿ ಮೈಕ್ರಾನ್ ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಕಟಿಸಿತು.

ಇಂಥ ಕಾಲದಲ್ಲಿ ಮೆಮೊರಿಯಿಂದ ಹಿಮ್ಮುಖವಾಗಿ ಯೋಚಿಸುವುದು ಲಾಭ. ಮನೆಯಲ್ಲಿ ಹಳೆಯ ಯಂತ್ರವಿದ್ದರೆ ಅದರ ಮೆಮೊರಿ ಯಾವ ಪೀಳಿಗೆಯದೆಂದು ಮೊದಲು ನೋಡಿ. ಡಿಡಿಆರ್4 ಆಗಿದ್ದರೆ ಅದನ್ನು ಉಳಿಸಿಕೊಂಡು, ಅದಕ್ಕೆ ಹೊಂದುವ ಎಎಂ4 ಬೋರ್ಡನ್ನೋ ಎಲ್‌ಜಿಎ1700ರ ಡಿಡಿಆರ್4 ಬೋರ್ಡನ್ನೋ ಕೊಳ್ಳಬಹುದು. ಮೆಮೊರಿಯ ಹಣ ಪೂರ್ತಿ ಉಳಿಯುತ್ತದೆ. ಏನೂ ಇಲ್ಲದಿದ್ದರೆ ಬೋರ್ಡು, ಮೆಮೊರಿ ಎರಡರ ಒಟ್ಟು ಬೆಲೆ ಕೇಳಿ ಹೋಲಿಸಿ. ಬೋರ್ಡು ಅಗ್ಗ, ಅದರ ಮೆಮೊರಿ ದುಬಾರಿ ಆಗಿರುವುದುಂಟು. ಹಣ ಸಾಲದಿದ್ದರೆ ಬೋರ್ಡನ್ನು ಕಡಿಮೆ ಮಾಡಬೇಡಿ. ಒಳ್ಳೆಯ ಬೋರ್ಡು ತಂದು, ಮೆಮೊರಿಯನ್ನು ಇಂದಿಗೆ ಬೇಕಾದಷ್ಟೇ ಹಾಕಿ, ಒಂದು ಸ್ಲಾಟ್ ಖಾಲಿ ಬಿಡಿ.

ಪೇಟೆಗೆ ಹೋದ ದಿನ

ರಾಮನಗರ, ಚನ್ನಪಟ್ಟಣದವರಿಗೆ ಮೈಸೂರು ಮಾರ್ಗದ ರೈಲಿದೆ. ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಚಿಕ್ಕಪೇಟೆ ಒಂದೇ ನಿಲ್ದಾಣ. ಕನಕಪುರದವರು ರೇಷ್ಮೆ ಸಂಸ್ಥೆ ನಿಲ್ದಾಣದಲ್ಲಿ ಬಸ್ ಇಳಿದರೆ ಹಸಿರು ಮಾರ್ಗದ ಮೆಟ್ರೋ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ನೇರ ತಲುಪಿಸುತ್ತದೆ. ಮಾಗಡಿಯವರಿಗೆ ಬಸ್ಸೇ ಗತಿ. ಬೆಳಿಗ್ಗೆಯೇ ಹೊರಡಿ, ಅಂಗಡಿಯಲ್ಲೇ ಬೋರ್ಡು, ಪ್ರೊಸೆಸರ್, ಮೆಮೊರಿ ಜೋಡಿಸಿ ಯಂತ್ರ ಏಳುವುದನ್ನು ನೋಡಿಕೊಂಡು ಬರಲು ಸಮಯ ಬೇಕು.

ಬೋರ್ಡು ಮಳಿಗೆಯಲ್ಲಿ ಬಹಳ ಕಾಲ ಉಳಿದಿದ್ದರೆ ಅದರ ಬಯಾಸ್ ಹಳೆಯದಾಗಿದ್ದು, ಹೊಸ ಪ್ರೊಸೆಸರನ್ನು ಗುರುತಿಸದಿರಬಹುದು. ಅಂಗಡಿಯಲ್ಲೇ ನವೀಕರಿಸಿಕೊಡಲು ಹೇಳಿ. ಬೋರ್ಡು, ಮೆಮೊರಿ ಎರಡರ ಸೀರಿಯಲ್ ಸಂಖ್ಯೆಯೂ ಬರೆದಿರುವ ಜಿಎಸ್‌ಟಿ ಬಿಲ್ ಪಡೆಯಿರಿ. ಈ ವಸ್ತುಗಳ ಮೇಲೆ ತೆರಿಗೆ ಶೇಕಡ 18. "ಬಿಲ್ ಬೇಡವೆಂದರೆ ಕಡಿಮೆ ಮಾಡಿಕೊಡುತ್ತೇನೆ" ಎಂಬ ಮಾತಿಗೆ ಒಪ್ಪಿದರೆ ವಾರಂಟಿಯ ಹಕ್ಕು ಕೈತಪ್ಪುತ್ತದೆ. ಬಿಲ್ ಇದ್ದೂ ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಮನೆಗೆ ತಂದ ಮೇಲೆ

ಡಿಡಿಆರ್5ರ ಯಂತ್ರ ಮೊದಲ ಸಲ ಏಳುವಾಗ ಹಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಬೋರ್ಡು ಆಗ ಮೆಮೊರಿಯೊಡನೆ ಹೊಂದಾಣಿಕೆ ಮಾಡಿಕೊಳ್ಳುತ್ತಿರುತ್ತದೆ. ಕೆಟ್ಟಿತೆಂದು ಗಾಬರಿಯಾಗಿ ಸ್ವಿಚ್ ಆರಿಸಬೇಡಿ, ಕಾಯಿರಿ.

ಸ್ಟಿಕ್ಕಿನ ಮೇಲೆ ಬರೆದ ವೇಗ ತಾನಾಗಿ ಬರದಿರಬಹುದು. ಬಯಾಸ್‌ನಲ್ಲಿ ಇಂಟೆಲ್ ಬೋರ್ಡಾದರೆ ಎಕ್ಸ್‌ಎಂಪಿ, ಎಎಂ5 ಆದರೆ ಎಕ್ಸ್‌ಪೋ ಎಂಬುದನ್ನು ಆನ್ ಮಾಡಬೇಕು. ನಂತರ ಒಂದು ರಾತ್ರಿ ಮೆಮ್‌ಟೆಸ್ಟ್86 ಎಂಬ ಪರೀಕ್ಷಾ ತಂತ್ರಾಂಶ ಓಡಿಸಿ. ತಪ್ಪು ತೋರಿಸಿದರೆ ಆ ವೇಗವನ್ನು ಆಫ್ ಮಾಡಿ ಮತ್ತೊಮ್ಮೆ ಓಡಿಸಿ. ಆಗಲೂ ಒಂದೇ ಒಂದು ತಪ್ಪು ಕಂಡರೂ ಸ್ಟಿಕ್ಕನ್ನು ಬದಲಾಯಿಸಿಕೊಳ್ಳಿ. ಕೆಟ್ಟ ಮೆಮೊರಿ ಯಂತ್ರವನ್ನು ನಿಲ್ಲಿಸುವುದಷ್ಟೇ ಅಲ್ಲ, ಸದ್ದಿಲ್ಲದೆ ನಿಮ್ಮ ಕಡತಗಳನ್ನೂ ಕೆಡಿಸುತ್ತದೆ.

ಗೋಡೆಯ ಮೂರು ಪಿನ್ನಿನ ಪ್ಲಗ್ಗಿಗೆ ನಿಜವಾದ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಯುಪಿಎಸ್ ಇರಲಿ; ಬಯಾಸ್ ನವೀಕರಿಸುವಾಗ ಕರೆಂಟು ಹೋದರೆ ಬೋರ್ಡೇ ಕೆಲಸಕ್ಕೆ ಬಾರದಂತಾಗಬಹುದು.

ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳಲು

1. ನನ್ನ ಕೆಲಸ ಏನು? ಅದಕ್ಕೆ ಬೇಕಾದ ಮೆಮೊರಿ ಎಷ್ಟು ಗಿಗಾಬೈಟ್?
2. ಮನೆಯಲ್ಲಿ ಹಳೆಯ ಮೆಮೊರಿ ಇದೆಯೇ? ಯಾವ ಪೀಳಿಗೆ?
3. ಪ್ರೊಸೆಸರಿನ ಪೂರ್ತಿ ಹೆಸರು, ಪೀಳಿಗೆ, ಕೊನೆಯ ಅಕ್ಷರ. ಒಳಗೆ ಗ್ರಾಫಿಕ್ಸ್ ಇದೆಯೇ?
4. ಬೋರ್ಡಿನ ಸಾಕೆಟ್ ಅದಕ್ಕೆ ಹೊಂದುತ್ತದೆಯೇ? ಡಿಡಿಆರ್4 ಬೋರ್ಡೋ, ಡಿಡಿಆರ್5 ಬೋರ್ಡೋ?
5. ಸ್ಲಾಟ್ ಎಷ್ಟು? ಇಂದು ತುಂಬಿದ ಮೇಲೆ ಎಷ್ಟು ಉಳಿಯುತ್ತದೆ?
6. ಎಂ.2 ಇದೆಯೇ? ತಕ್ಕಡಿ, ಪ್ರಿಂಟರಿಗೆ ಬೇಕಾದ ಕಿಂಡಿ ಇದೆಯೇ?
7. ಅಂಗಡಿಯಲ್ಲೇ ಯಂತ್ರ ಎದ್ದದ್ದನ್ನು ನೋಡಿದೆನೇ?
8. ಸೀರಿಯಲ್ ಸಂಖ್ಯೆ ಇರುವ ಬಿಲ್ ಕೈಗೆ ಬಂತೇ?

ಎಂಟಕ್ಕೂ ಉತ್ತರ ಬರೆದ ಮೇಲೆ ಹಣ ಎಣಿಸಿ. ಬೋರ್ಡಿನ ಡಬ್ಬಿ, ಕೈಪಿಡಿ, ಬಿಲ್ಲುಗಳನ್ನು ಮನೆಯ ಕಾಗದಪತ್ರಗಳ ಜೊತೆಯಲ್ಲೇ ಇಡಿ. ಮೂರು ವರ್ಷಗಳ ನಂತರ ಖಾಲಿ ಸ್ಲಾಟಿಗೆ ಎರಡನೇ ಸ್ಟಿಕ್ ಕೊಳ್ಳಲು ಹೊರಟಾಗ ಅವು ಮತ್ತೆ ಬೇಕಾಗುತ್ತವೆ.